ಗಾರೆಯಣ್ಣನ ಹಿಂಗೋಡೆ

ಊರ ನಡುವಿನ ದಿಬ್ಬವನ್ನು ಗಾರೆಯಣ್ಣ ದಿಬ್ಬವೆಂದೇ ಎಣಿಸಿರಲಿಲ್ಲ. ಅಲ್ಲಿ ಬಸ್ಸು ಒಂದು ಗೇರು ಇಳಿಸಿ ಏದುಸಿರು ಬಿಡುತ್ತಿತ್ತು, ಅಷ್ಟೆ. ದಿಬ್ಬದ ನೆತ್ತಿಯಲ್ಲಿ ಅವನ ಅಪ್ಪ ಮನೆ ಕಟ್ಟಿದ, ಇವನು ಅಡುಗೆಮನೆ ಸೇರಿಸಿದ. ಊರಿಗೆಲ್ಲ ಗೋಡೆ ಎಬ್ಬಿಸಿ ತನ್ನ ಮಂಡಿ ಕೂತುಹೋದ ಮೇಲೆ ಮನೆಯಲ್ಲೇ ಉಳಿದ. ಆಗ ಪಕ್ಕದ ಖಾಲಿ ಸೈಟಿಗೆ ಉತ್ಖನನದವರು ಬಂದರು.

ಅವರ ಮುಖ್ಯಸ್ಥೆಗೆ ಬೀದಿಯವರು ಇಟ್ಟ ಹೆಸರು ಬ್ರಷ್ ಮೇಡಂ. ಆಕೆ ಚಮಚದಷ್ಟು ಮಣ್ಣು ಕೆರೆದು, ಮಗುವಿನ ಮೂತಿ ಒರೆಸುವಂತೆ ಬ್ರಷ್ಷಾಡಿಸುವುದನ್ನು ನೋಡಿ, ತಾನು ಹೀಗೆ ದುಡಿದಿದ್ದರೆ ಮೇಸ್ತ್ರಿ ಮಧ್ಯಾಹ್ನಕ್ಕೇ ಮನೆಗೆ ಅಟ್ಟುತ್ತಿದ್ದ ಎಂದು ಗಾರೆಯಣ್ಣ ಹೆಂಡತಿಯ ಮುಂದೆ ನಗಾಡಿದ. ಮಣ್ಣಿನಡಿಯಿಂದ ಪುರಾತನ ಗೋಡೆಯೊಂದು ಎದ್ದು, ನೆಟ್ಟಗೆ ಬಂದು ಇವನ ಅಡುಗೆಮನೆಯ ಹಿಂಗೋಡೆಗೆ ಸೇರಿಕೊಂಡಾಗ ನಗು ನಿಂತಿತು. ಎರಡರಲ್ಲೂ ಅದೇ ಅಗಲದ, ಅದೇ ಕೆಂಪಿನ ಇಟ್ಟಿಗೆ.

ಆಶ್ಚರ್ಯವೇನಿಲ್ಲ. ಒಂದು ಕಾಲಕ್ಕೆ ಬೀದಿಯವರೆಲ್ಲ ದಿಬ್ಬ ಕೆದಕಿಯೇ ಇಟ್ಟಿಗೆ ತಂದವರು. ಇಟ್ಟವರು ಯಾರೋ, ಇಟ್ಟಿಗೆ ಮಾತ್ರ ಎಲ್ಲರದು. ಈಗ ಇಡೀ ಗೋಡೆ ಪುರಾತನವೆಂದಾದರೆ ಅಡುಗೆಮನೆ ಸರ್ಕಾರದ ಪಾಲು, ಅದರ ಬೆನ್ನಿಗೇ ಮನೆ.

ಮೇಡಂ ಕೆಟ್ಟವಳಲ್ಲ. ಕೈಗೆ ಸೀಮೆಸುಣ್ಣ ಕೊಟ್ಟು, "ಇಟ್ಟಿಗೆ ಎಲ್ಲಿಂದ ತಂದ್ರಿ ಅಂತ ಕೇಳಲ್ಲ. ಅವರದು ಎಲ್ಲಿಗೆ ಮುಗೀತು, ನಿಮ್ಮದು ಎಲ್ಲಿ ಶುರುವಾಯ್ತು, ಒಂದು ಗೆರೆ ಎಳೀರಿ ಸಾಕು" ಎಂದಳು.

ಗಾರೆಯಣ್ಣ ಸಿಮೆಂಟು ಕೆತ್ತಿ ತನ್ನ ಕೈಗುರುತು ಹುಡುಕಿದ. ಗುರುತೆಂದರೆ ಒಂದು ತಪ್ಪು: ಮೂಲೆಗೆ ಬಂದಾಗ ಆತುರಕ್ಕೆ ಕೆಳಗಿನ ಇಟ್ಟಿಗೆಗಳ ಸಂದಿನ ಮೇಲೆಯೇ ಮೇಲಿನವುಗಳ ಸಂದು ಕೂರಿಸುತ್ತಿದ್ದ. ಅದಕ್ಕಾಗಿ ಅಪ್ಪನಿಂದ ತಲೆಗೆ ಮೊಟಕಿಸಿಕೊಂಡಿದ್ದ. ಮೇಲಿನ ಇಟ್ಟಿಗೆ ವರಸೆಗಳಲ್ಲಿ ತಪ್ಪು ಸಿಕ್ಕಿತು, ಸಮಾಧಾನವಾಯಿತು. ಕೆಳಗೂ ಸಿಕ್ಕಿತು. ಅದು ಅಪ್ಪ ಕಟ್ಟಿದ್ದ ಹಿತ್ತಿಲ ಗೋಡೆ, ಅದರ ಮೇಲೇ ಇವನು ಅಡುಗೆಮನೆ ಎಬ್ಬಿಸಿದ್ದು. ಅಪ್ಪನದೂ ಇದೇ ತಪ್ಪಾದರೆ ತನಗೆ ಮೊಟಕಿದ್ದೇಕೆ? ಗುಂಡಿಗಿಳಿದು ಬಗ್ಗಿದರೆ, ಅಪ್ಪನ ಗುದ್ದಲಿಯೂ ಮುಟ್ಟದ ಆಳದ ಮೂಲೆಯಲ್ಲೂ ಸಂದಿನ ಮೇಲೆ ಸಂದು. ಇಟ್ಟಿಗೆಯ ವರಸೆ ಸರಿ, ಆ ಕೆಳಗಿನವನು ತನಗೆ ಯಾವ ವರಸೆ?

"ಮೇಡಂ, ಇದು ನನ್ನ ಕೈಕೆಲಸಾನೇ ಅನ್ಸುತ್ತೆ," ಎಂದ. "ಆದ್ರೆ ನಾನಿನ್ನೂ ಹುಟ್ಟಿರಲಿಲ್ಲ."

ಮೇಡಂ ಅವನನ್ನೂ ಗೋಡೆಯನ್ನೂ ನೋಡಿ ಬ್ರಷ್ಷಿನ ಹಿಡಿಯಿಂದ ತಲೆ ಕೆರೆದುಕೊಂಡಳು.

ಅಡುಗೆಮನೆಯ ಕಿಟಕಿಯಿಂದ ಹೆಂಡತಿ, "ನೆಂಟಸ್ತಿಕೆ ಆಮೇಲೆ ನೋಡ್ಕೊಳ್ಳಿ. ಒಲೆ ನಮ್ಮ ಕಡೆಗೆ ಬರೋ ಹಾಗೆ ಎಳೀರಿ" ಎಂದಳು.

ಅವನು ನೆಲದ ಮಟ್ಟಕ್ಕೆ ಸರಿಯಾಗಿ ಎಳೆದ. ಮೇಡಂ ಫೋಟೋ ತೆಗೆದಳು. ಗೆರೆಯ ಮೇಲಿನದು ಇವನಿಗೆ, ಕೆಳಗಿನದು ಇತಿಹಾಸಕ್ಕೆ ಎಂದಾಗಿ ಮನೆ ಉಳಿಯಿತು.

ಈಗ ಶಾಲೆಯ ಮಕ್ಕಳು ನೋಡಲು ಬರುತ್ತಾರೆ. ಗೆರೆಯ ಕೆಳಗೆ ಬೆರಳು ತೋರಿಸಿ, ಇದು ಯಾರು ಕಟ್ಟಿದ್ದು ತಾತ ಎಂದು ಕೇಳುತ್ತಾರೆ. ಗಾರೆಯಣ್ಣ ಮೇಡಂ ಕಡೆ ನೋಡುತ್ತಾನೆ. ಆಕೆ ಇವನ ಕಡೆ ನೋಡುತ್ತಾಳೆ.