ಕೊಂಡು ಬಕೆಟ್ಟಿನಲ್ಲಿ ಮುಳುಗಿಸಿದ ಲೈಟು

ಮಧ್ಯಾಹ್ನ ಮೂರಕ್ಕೆ ಮಿಯಾಪುರದಲ್ಲಿ ಮೆಟ್ರೊ ಹತ್ತಿದೆವು, ಅಪ್ಪ ಮತ್ತು ನಾನು. ಏಪ್ರಿಲ್ ಬಿಸಿಲು. ನನ್ನ ಬೆನ್ನಿಗೆ ಬಟ್ಟೆಯ ಚೀಲ, ಅಪ್ಪನ ಕೈಯಲ್ಲಿ ರೊಟ್ಟಿಯ ಗಂಟು. ಸಂಜೆ ಏಳಕ್ಕೆ ಕಾಚಿಗೂಡದಿಂದ ಬೆಂಗಳೂರಿನ ರೈಲು. ಅಲ್ಲಿಂದ ಮುರುಡೇಶ್ವರ, ಆಮೇಲೆ ದೋಣಿಯಲ್ಲಿ ನೇತ್ರಾಣಿ ದ್ವೀಪ. ಪ್ರಾಣಿಶಾಸ್ತ್ರದ ಪದವಿಯ ಮೇಲೆ ಸ್ಕೂಬಾ ತರಬೇತಿಯನ್ನೂ ಮುಗಿಸಿದ್ದ ನನಗೆ ಹವಳದ ಸಮೀಕ್ಷೆಯಲ್ಲಿ ಮೊದಲ ಕೆಲಸ ಸಿಕ್ಕಿತ್ತು.

ಅದು ಕೈತಪ್ಪುವ ಹಾಗಿತ್ತು. ತಂಡದ ಮೇಡಂ ಬೆಳಿಗ್ಗೆ ಸಂದೇಶ ಕಳಿಸಿದ್ದರು: "ಬಂಡೆಯ ಸಂದುಗಳಲ್ಲಿ ನೋಡಬೇಕು, ಸ್ವಂತ ಲೈಟ್ ಬೇಕೇ ಬೇಕು. ನೀರಿನೊಳಗೆ ಉರಿಯುವ ವಿಡಿಯೊ ಆರರೊಳಗೆ ಕಳಿಸಿ. ಇಲ್ಲದಿದ್ದರೆ ಬೇರೆಯವರನ್ನು ಕರೆಯುತ್ತೇನೆ." ತರಬೇತಿಯಲ್ಲಿ ಅಲ್ಲಿಯ ಲೈಟನ್ನೇ ಹಿಡಿದಿದ್ದೆ. ಸ್ವಂತದ್ದು ನನ್ನಲ್ಲಿರಲಿಲ್ಲ.

ಎಂ.ಜಿ.ಬಿ.ಎಸ್‌ನಲ್ಲಿ ಗಾಡಿ ಬದಲಿಸಿ ನಾರಾಯಣಗುಡದಲ್ಲಿ ಇಳಿದು, ಹಿಮಾಯತ್‌ನಗರಕ್ಕೆ ನಡೆದೆವು. ಮೊದಲ ಅಂಗಡಿಗೆ ಬೀಗ. ಎರಡನೆಯದರಲ್ಲಿ ಬೆಟ್ಟ ಹತ್ತುವವರ ಸಾಮಾನು ಮಾತ್ರ. ಮೂರನೆಯದು ಕ್ಯಾಮೆರಾ ಅಂಗಡಿ, ಎರಡನೇ ಮಹಡಿಯಲ್ಲಿ. ಅಷ್ಟೊತ್ತಿಗೆ ಐದಾಗಿತ್ತು.

ನಮ್ಮಲ್ಲಿದ್ದ ಹಣಕ್ಕೆ, ಮೂರು ಸಾವಿರದೊಳಗಿನವು ಎರಡೇ ಇದ್ದವು. ಒಂದು ದಪ್ಪನೆಯದು, ಕಣ್ಣು ಕುಕ್ಕುವ ಬೆಳಕು. ಡಬ್ಬಿಯ ಮೇಲೆ 'ವಾಟರ್‌ಪ್ರೂಫ್' ಎಂದಿತ್ತು, ಎಷ್ಟು ಮೀಟರ್ ಆಳದವರೆಗೆ ಎಂದಿರಲಿಲ್ಲ. ಅದನ್ನು ಅಲ್ಲೇ ಬಿಟ್ಟೆ. ಇನ್ನೊಂದು ಗೇಣುದ್ದದ್ದು, ಎರಡು ಸಾವಿರದ ಎಂಟುನೂರು. ನೂರು ಮೀಟರ್ ಎಂದು ಬರೆದಿತ್ತು. ಬೆಳಕು ಕೋಲಿನಂತೆ ಸಣ್ಣಗೆ. ಕದಡಿದ ನೀರಿನಲ್ಲಿ, ಸಂದಿನೊಳಗೆ ಅಂಥದ್ದೇ ಬೇಕು. ಬ್ಯಾಟರಿ ಹಾಕುವ ಕಡೆ ನೀರು ತಡೆಯಲು ಒಂದರ ಹಿಂದೊಂದು ಎರಡು ರಬ್ಬರ್ ಉಂಗುರ.

ಅಪ್ಪ ಉಂಗುರಗಳನ್ನೇ ನೋಡುತ್ತಿದ್ದ. ಮೊದಲು ದೇವದುರ್ಗದ ಕಡೆ ಬಾವಿಗೆ ಬಿದ್ದ ಕೊಡ, ಮೋಟಾರು ತೆಗೆಯಲು ಉಸಿರು ಹಿಡಿದು ಮುಳುಗುತ್ತಿದ್ದವನು. ಈಗ ಮಿಯಾಪುರದ ಅಪಾರ್ಟ್‌ಮೆಂಟೊಂದರಲ್ಲಿ ಸಂಪು, ಪಂಪು ನೋಡಿಕೊಳ್ಳುತ್ತಾನೆ.

ಬಕೆಟ್ಟಿನಲ್ಲಿ ಮುಳುಗಿಸಿ ನೋಡುತ್ತೇನೆ ಎಂದೆ. ಅಂಗಡಿಯವನು ನೀರು ತರಿಸಿಕೊಟ್ಟ, ಷರತ್ತನ್ನೂ ಹೇಳಿದ: "ಖರೀದ್‌ಕೆ ದೇಖೋ. ಪಾನಿ ಅಂದರ್ ಗಯಾ ತೋ ವಾಪಸ್ ನಕ್ಕೊ." ಮೊದಲು ಕೊಳ್ಳಬೇಕು; ಆಮೇಲೆ ಒಳಗೆ ನೀರು ಹೋದರೆ ವಾಪಸ್ಸಿಲ್ಲ, ನಮ್ಮ ಕರ್ಮ. ಹಣ ಕೊಟ್ಟೆ. ಬ್ಯಾಟರಿ ಹಾಕಿ, ಉಂಗುರಗಳನ್ನು ನನ್ನ ಕೆಂಪು ದುಪಟ್ಟಾದ ತುದಿಯಿಂದ ಒರೆಸಿದೆ.

"ಬಟ್ಟಿ ಹಚ್ಚಬ್ಯಾಡವ್ವಾ, ನೂಲು ಕುಂದರ್ತದ," ಎಂದ ಅಪ್ಪ.

"ಅಪ್ಪಾ, ಇದೇನ್ ನಿನ್ನ ಸಂಪಿನ ಪಂಪೇನು? ಸುಮ್ನಿರು."

ನಮ್ಮ ಮನೆಯಲ್ಲಿ ಪದವಿ ಪಡೆದವಳು ನಾನೊಬ್ಬಳೇ. ಅಷ್ಟು ಹೊತ್ತಿಗೆ ಡಬ್ಬಿಯ ಮೇಲಿನ ಅಕ್ಷರಗಳನ್ನೆಲ್ಲ ಓದಿ ಮುಗಿಸಿದ್ದೆ. ತಿರುವಿ ಮುಚ್ಚಿ, ಹೊತ್ತಿಸಿ, ನೀರಿಗಿಳಿಸಿದೆ.

ಸಾಸಿವೆ ಕಾಳಿನಂಥ ಒಂದು ಗುಳ್ಳೆ ಮೇಲೆ ಬಂತು. ಹಿಂದೆಯೇ ಇನ್ನೆರಡು.

ಅಪ್ಪ ಮೊಣಕೈವರೆಗೆ ಕೈ ಹಾಕಿ ಲೈಟನ್ನು ಎತ್ತಿದ. ಬ್ಯಾಟರಿಯ ಕಡೆಗೆ ನೀರು ಇಳಿಯದಂತೆ ವಾರೆ ಹಿಡಿದು, ಹೊರಗೆಲ್ಲ ಒಣಗಿಸಿ, ಮೆಲ್ಲಗೆ ತಿರುವಿದ. ಮೊದಲ ಉಂಗುರಕ್ಕೆ ಅಡ್ಡವಾಗಿ ಒಂದು ಕೆಂಪು ನೂಲು ಕೂತಿತ್ತು. ಅದರಾಚೆ ಒಂದು ಹನಿ. ಎರಡನೇ ಉಂಗುರ ಅದನ್ನು ಅಲ್ಲೇ ತಡೆದಿತ್ತು. ಬ್ಯಾಟರಿ ಒಣಗಿಯೇ ಇತ್ತು, ಲೈಟು ಉಳಿದಿತ್ತು.

"ಬಚ್ ಗಯಾ, ಚಾಚಾ!" ಎಂದ ಅಂಗಡಿಯವನು.

"ನೋಡ್ರಿ ಸಾಹೇಬ್ರ, ನಮ್ಮಾಕಿ ಡಿಗ್ರಿ ಮಾಡ್ಯಾಳ. ನೂಲು ತೆಗಿಯೂದು ಮಾತ್ರ ಸಿಲೆಬಸ್ಸಿನ್ಯಾಗ ಇರಲಿಲ್ಲಂತ."

ಅಪ್ಪ ನೂಲು ತೆಗೆದ; ಉಂಗುರದ ಸುತ್ತ ಬರಿಬೆರಳನ್ನು ನಿಧಾನ ಓಡಿಸಿದ. "ಈಗ ನೀ ಮುಟ್ಟಿ ನೋಡು," ಎಂದ. ಕಣ್ಣಿಗೆ ಕಾಣದ ಒಂದು ಮರಳಿನ ಕಣ ಬೆರಳಿಗೆ ಸಿಕ್ಕಿತು. ಅದನ್ನೂ ತೆಗೆದು, ಡಬ್ಬಿಯಲ್ಲಿದ್ದ ಗ್ರೀಸನ್ನು ತೆಳ್ಳಗೆ ಸವರಿ ಮುಚ್ಚಿದೆ. ಐದೂ ಮುಕ್ಕಾಲು. ಹತ್ತು ನಿಮಿಷ ಮೂವರೂ ಬಕೆಟ್ಟಿನ ಮೇಲೆ ಬಗ್ಗಿ ನಿಂತೆವು. ಒಂದೂ ಗುಳ್ಳೆ ಬರಲಿಲ್ಲ. ವಿಡಿಯೊ ಹೋದಾಗ ಆರಕ್ಕೆ ಮೂರು ನಿಮಿಷ ಇತ್ತು.

ಕಾಚಿಗೂಡಕ್ಕೆ ಆಟೊ, ನೂರು ರೂಪಾಯಿ. ದಾರಿಯುದ್ದಕ್ಕೂ ಫೋನ್ ನೋಡಿದೆ, ಉತ್ತರವಿಲ್ಲ. ಆರೂವರೆಗೂ ಇಲ್ಲ. ರೈಲು ಹತ್ತಲೋ, ಮನೆಗೆ ಮರಳಲೋ?

"ಹತ್ತು," ಎಂದ ಅಪ್ಪ. "ಬ್ಯಾಡ ಅಂದ್ರ ಬೆಂಗಳೂರಿಂದ ಹೊಳ್ಳಿ ಬರಾಕ ಬರ್ತದ. ಇಲ್ಲೇ ನಿಂತ್ರ ಹೋಗಾಕ ಬರಂಗಿಲ್ಲ."

ಹತ್ತಿ ಕೂತೆ. ಹೊರಡಲು ಐದು ನಿಮಿಷವಿದ್ದಾಗ ಫೋನ್ ನಡುಗಿತು: "ನೋಡಿದೆ. ಬನ್ನಿ." ಕಿಟಕಿಯಿಂದ ಓದಿ ಹೇಳಿದೆ. ಅಪ್ಪ ಸರಳಿನೊಳಗೆ ಕೈ ಹಾಕಿ ನನ್ನ ದುಪಟ್ಟಾ ಎಳೆದುಕೊಂಡ.

"ಇದು ಇಲ್ಲೇ ಇರಲಿ. ಅಲ್ಲೂ ಇದರಿಂದನ ಒರಸ್ತಿ ನೀ."

ಆಮೇಲೆ ದನಿ ತಗ್ಗಿಸಿದ: "ಬಾವ್ಯಾಗ ನಾ ಎಲ್ಲಾ ಕೈಲೇ ತಡವಿ ತಗದೀನಿ. ತಳ ಒಮ್ಮೆನೂ ಕಂಡಿಲ್ಲ. ನೀ ನೋಡ್ಕೊಂಡು ಬಂದು ಹೇಳು."

ರೈಲು ಹೊರಟಿತು. ಬಗ್ಗಿ ಹಿಂದೆ ನೋಡಿದೆ. ಅಪ್ಪ ಆ ಕೆಂಪು ದುಪಟ್ಟಾವನ್ನೇ ಬೀಸುತ್ತಿದ್ದ. "ಚಾಚಾ, ಲಾಲ್ ಕಪಡಾ ನಕ್ಕೊ, ಗಾಡಿ ರುಕ್ ಜಾತಿ!" ಎಂದು ಚಹಾದವನೊಬ್ಬ ಕೂಗಿದ; ಕೆಂಪು ಬಟ್ಟೆ ಕಂಡರೆ ರೈಲು ನಿಂತುಬಿಡುತ್ತದಂತೆ. ಅಪ್ಪ ಗಾಬರಿಯಿಂದ ಅದನ್ನು ಮುದ್ದೆ ಮಾಡಿ ಬೆನ್ನ ಹಿಂದೆ ಅಡಗಿಸಿಕೊಂಡ.