ಮೊಮ್ಮಗಳ ಪಾಲಿನ ಕುದುರೆ ಮರಿ

ಮೊದಲ ಮೊಮ್ಮಗಳು ಹುಟ್ಟಿದ ಸುದ್ದಿ ಬಂದಾಗ ನಾವು ನವಲಗುಂದದ ಆಚೆ ಒಬ್ಬ ಗೌಡರ ಹೊಲದಲ್ಲಿ ಕುರಿ ನಿಲ್ಲಿಸಿದ್ದೆವು. ಹಿಂಗಾರಿ ಜೋಳ ಕಿತ್ತ ಮೇಲೆ ಗೊಬ್ಬರಕ್ಕೆಂದು ರೈತರು ನಮ್ಮಂಥ ಕುರಿಯವರನ್ನು ಇನ್ನೂ ಕರೆಯುತ್ತಿದ್ದ ಕಾಲ. ಬಾಣಂತನಕ್ಕೆ ತವರಿಗೆ ಹೋಗಿದ್ದ ಸೊಸೆ ಮಿಶ್ರಿಕೋಟಿಯಲ್ಲಿ ಹಡೆದಿದ್ದಳು. ಮರುದಿನವೇ ಬಸ್ಸು ಹತ್ತಿ ಹೋಗಿ ನೋಡಿದೆ. ಏನು ಹೇಳಲಿ! ತಲೆ ತುಂಬ ಕೂದಲು. ಮುಷ್ಟಿ ಬಿಡಿಸಲು ಹೋದರೆ ನನ್ನ ಬೆರಳನ್ನೇ ಹಿಡಿದುಬಿಟ್ಟಿತು. ತಿರುಗಿ ಬರುವಾಗ ಕಂಡಕ್ಟರನಿಗೆ ಹೇಳಿದೆ, ಪಕ್ಕದ ಸೀಟಿನವರಿಗೆ ಹೇಳಿದೆ, ಕೇಳದವರಿಗೂ ಹೇಳಿದೆ.

ನಮ್ಮ ಮನೆತನದಲ್ಲಿ ಹೆಣ್ಣು ಹುಟ್ಟಿದರೆ ಅದರ ಹೆಸರಿಗೆ ಅಜ್ಜಿ ಒಂದು ಕುದುರೆ ಮರಿ ಕೊಡಬೇಕು. ಬಿಡಾರ ಎತ್ತುವಾಗ ಗಂಡಸರು ಕುರಿಗಳ ಹಿಂದೆ ಹೋಗುತ್ತಾರೆ. ಕುದುರೆಗೆ ಹೇರು ಕಟ್ಟಿ ನಡೆಸುವುದು ಹೆಂಗಸರ ಕೆಲಸ. ಅದಕ್ಕೇ ಕುದುರೆ ಹೆಣ್ಣಿನ ಪಾಲು. ನನ್ನದೂ ನಮ್ಮಜ್ಜಿ ಕೊಟ್ಟ ಕುದುರೆಯ ಪೀಳಿಗೆಯದೇ. ನನ್ನ ಎದೆಮಟ್ಟಕ್ಕೆ ಬರುವ ಗಿಡ್ಡ ಕಂದು ಕುದುರೆ. ಪಾತ್ರೆ, ಕಂಬಳಿ, ನಡೆಯಲಾರದ ಕುರಿಮರಿಗಳು, ಎಲ್ಲದರ ಮೇಲೆ ಎರಡು ಕೋಳಿ, ಇಷ್ಟನ್ನೂ ಹೊತ್ತು, ಎರೆ ಕೆಸರಿನಲ್ಲಿ ಚಕ್ಕಡಿ ಹುಗಿದು ನಿಂತ ಕಡೆ ತಾನು ದಾಟಿ ಹೋಗುತ್ತಿತ್ತು. ಲಾಳ ಕಂಡದ್ದಲ್ಲ, ಕಾಳು ಬೇಡಿದ್ದಲ್ಲ. ವಯಸ್ಸಾಗುತ್ತ ಬಂದಿತ್ತು, ಇನ್ನೊಂದು ಮರಿ ಹಾಕಿದರೆ ಅದೇ ಕೊನೆ. ಅದು ಆ ವಾರವೇ ಬೆದೆಗೆ ಬಂತು. ನನಗಿನ್ನೇನು ಬೇಕು!

ಆದರೆ ಗಂಡು ಎಲ್ಲಿ?

"ನವಲಗುಂದದಾಗ ಟಾಂಗಾದ ಕುದರಿ ಐತಲ್ಲ," ಎಂದರು ನಮ್ಮ ಯಜಮಾನರು.

"ಅದರ ಮರಿ ಉದ್ದ ಕಾಲಿಂದು ಹುಟ್ಟತೈತಿ, ದಿನಾ ಕಡ್ಲಿ ಕೇಳತೈತಿ. ನೀವು ಹಾಕ್ತೀರೇನು?"

"ಮೊದಲ ನನಗ ರೊಟ್ಟಿ ಹಾಕು," ಎಂದು ನಕ್ಕರು.

ಮೊದಲು ಹತ್ತಿರದಲ್ಲೇ ಇಳಿದಿದ್ದ ಅಣ್ಣಿಗೇರಿ ಕಡೆಯ ಬಿಡಾರವೊಂದಕ್ಕೆ ಹೋದೆ. ಅಲ್ಲಿಯ ಹೆಂಗಸು ಮೊಮ್ಮಗಳ ಸುದ್ದಿಗೆ ಬೆಲ್ಲ ಕೊಟ್ಟಳು, ಗಂಡು ಕುದುರೆ ಎಂದಕೂಡಲೇ ಕೈ ಆಡಿಸಿದಳು. "ನಮ್ಮದರ ಬೀಜ ತಗಿಸೇವಿ ಯಕ್ಕಾ. ಹೆಣ್ಣ ಕಂಡ್ರ ಹೇರು ಕೆಡವಿ ಓಡತಿತ್ತು. ತಿರ್ಲಾಪುರದ ಮುತ್ಯಾನ ಕಡೆ ಐತಿ, ಅಲ್ಲಿ ಹೋಗ್ರಿ." ಅದರಾಚೆಯ ಬಿಡಾರದವರು ಕುದುರೆಯನ್ನೇ ಮಾರಿ, ಸಾಮಾನು ಸಾಗಿಸಲು ಟೆಂಪೋ ಹಿಡಿಯುತ್ತಿದ್ದರು. ಅವರೂ ಮುತ್ಯಾನ ಕಡೆಗೇ ಬೊಟ್ಟು ಮಾಡಿದರು.

ಕುದುರೆ ಹಿಡಿದುಕೊಂಡು ಯಜಮಾನರೊಂದಿಗೆ ತಿರ್ಲಾಪುರಕ್ಕೆ ನಡೆದೆ. ದೂರದಿಂದಲೇ ಕಂಡಿತು: ಕಪ್ಪು, ಗಿಡ್ಡ, ಕತ್ತು ಎತ್ತಿ ನಿಂತಿತ್ತು, ಅಗದಿ ನಮ್ಮದರ ಜೋಡಿಯಂತೆ. ಖುಷಿಗೆ ಮುದುಕನ ಮುಂದೆ ಮೊದಲು ಕೂಸಿನ ವರ್ಣನೆಯನ್ನೇ ಸುರುಮಾಡಿದೆ.

"ಕುದರಿ ಸಲುವಾಗಿ ಬಂದೀಯೋ, ಮೊಮ್ಮಗಳ ಡಂಗುರಾ ಸಾರಾಕ ಬಂದೀಯೋ?" ಎಂದ ಮುತ್ಯಾ.

"ಎರಡಕ್ಕೂರಿ."

"ಶಾಣ್ಯಾ ಕೂಸು ಬಿಡು. ನಿನ್ನ ಬಾಯಿಗಿ ಹೆದರಿ ಮಿಶ್ರಿಕೋಟ್ಯಾಗ ಹುಟ್ಟೇತಿ."

ಎಲ್ಲರೂ ನಕ್ಕೆವು. ಆಮೇಲೆ ನಾನು ಬಂದ ಕೆಲಸ ಹೇಳಿದೆ. ಮುತ್ಯಾ ತಂಬಾಕು ತಿಕ್ಕುವುದನ್ನು ನಿಲ್ಲಿಸಿದ.

"ದೀಪಾವಳಿ ಆದಮ್ಯಾಲ ಇದರ ಬೀಜ ತಗಿಸಿಬಿಟ್ಟೆ ತಂಗೀ."

"ಯಾಕ್ರಿ ಮುತ್ಯಾ?"

"ಒಂದಕಡೆ ನಿಲ್ಲತಿದ್ದಿಲ್ಲ, ಕಾಲುವ್ಯಾಗ ಬಿದ್ದು ಸಾಯಾಕ ಹತ್ತಿತ್ತು. ನಿಮ್ಮ ಬಿಡಾರದಾಗ ಒಂದು ಗಂಡು ಕುದರಿ ಐತಲ್ಲ ಅನಕೊಂಡಿದ್ನಿ."

ನಾನು ಯಜಮಾನರ ಮುಖ ನೋಡಿದೆ. ನಮ್ಮಲ್ಲೂ ಒಂದು ಗಂಡು ಕುದುರೆ ಇತ್ತು. ಹಿಂದೆ ಅದರ ಬೀಜ ತೆಗೆಸುವ ದಿನ ಅವರು ಹೇಳಿದ್ದೂ ಇದನ್ನೇ: ಮುತ್ಯಾನ ಕಡೆ ಒಂದು ಐತಲ್ಲ. ರಂಪ ಮಾಡುವ ಗಂಡು ಯಾರಿಗೂ ಬೇಡ. ಪಕ್ಕದ ಬಿಡಾರದವರು ಸಾಕುತ್ತಾರೆ ಎಂದು ಎಲ್ಲರೂ ನಂಬಿ ಕೂತಿದ್ದೆವು.

"ಲಕ್ಷ್ಮೇಶ್ವರದ ಕಡೆ ಕೇಳಿದ್ರ?" ಎಂದೆ.

"ಅವರೂ ಮೊನ್ನೆ ಒಂದು ಹೆಣ್ಣ ತೊಗೊಂಡು ಇಲ್ಲಿಗೇ ಬಂದಿದ್ರು."

ಇತ್ತ ನಮ್ಮ ಕುದುರೆ ಹಗ್ಗ ಜಗ್ಗಿಕೊಂಡು ಕರಿಯದರ ಹತ್ತಿರ ಹೋಯಿತು. ಅದು ಒಮ್ಮೆ ಮೂಸಿತು. ನಮ್ಮದು ಬಾಲ ಎತ್ತಿ ನಿಂತೇ ಇತ್ತು. ಕರಿಯದು ತಲೆ ತಗ್ಗಿಸಿ ಜೋಳದ ಕೂಳೆ ಕಡಿಯುತ್ತ ಮುಂದಕ್ಕೆ ಸರಿಯಿತು.

"ಕೂಸಿಗೆ ನನ್ನ ಕಡೆಯಿಂದ ಇದನ್ನ ಒಯ್ಯಿ," ಎಂದು ಮುತ್ಯಾ ಒಂದು ಹೆಣ್ಣು ಕುರಿಮರಿ ಹಿಡಿದು ತಂದ. ಕುರಿಮರಿಗೆ ನಮ್ಮಲ್ಲೇನು ಕೊರತೆ! ಆದರೂ ಬೇಡ ಎನ್ನಲಾಗಲಿಲ್ಲ. ಅದನ್ನು ಕಂಬಳಿಯಲ್ಲಿ ಸುತ್ತಿ ಕುದುರೆಯ ಬೆನ್ನಿಗೆ ಕಟ್ಟಿದೆ. ಕುದುರೆ ಕದಲಲಿಲ್ಲ. ನಾನು ಮುಂದಿನಿಂದ ಎಳೆದೆ, ಯಜಮಾನರು ಹಿಂದಿನಿಂದ ನೂಕಿದರು. ಆಮೇಲೆ ನಡೆಯಿತು.