ಎರಡು ಹಿಡಿಕೆಯ ಪೆಟ್ಟಿಗೆ

ನಮ್ಮ ಅಡುಗೆಮನೆಯ ಮೂಲೆಯಲ್ಲಿ ಒಂದು ನೀಲಿ ಐಸ್ ಪೆಟ್ಟಿಗೆಯಿದೆ. ಎರಡು ಪಕ್ಕಕ್ಕೂ ಒಂದೊಂದು ಹಿಡಿಕೆ. ತುಂಬಿದರೆ ಒಬ್ಬರ ಕೈಯಲ್ಲಿ ಎತ್ತಲಾಗದಷ್ಟು ದೊಡ್ಡದು. ಕೊಲ್ಲಿ ನಾಡಿನ ಅಲ್ ಗುಬ್ರಾದ ಈ ಪುಟ್ಟ ಫ್ಲಾಟಿನಲ್ಲಿ ಇಂಥ ಘನವಸ್ತುವಿಗೆ ಏನು ಕೆಲಸವೆಂದು ಬಂದವರೆಲ್ಲ ಕೇಳುತ್ತಾರೆ. ನನ್ನ ಗಂಡನಂತೂ ದಿನಕ್ಕೊಮ್ಮೆ ಅದಕ್ಕೆ ಕಾಲೆಡವಿಕೊಂಡು ಕೇಳುತ್ತಾರೆ. ಇಬ್ಬರು ಅಮೆರಿಕನ್ನರ ಹಟದಿಂದ ಅದು ನನ್ನ ಪಾಲಿಗೆ ಬಂತೆಂದರೆ ಯಾರೂ ನಂಬುವುದಿಲ್ಲ. ನೀವಾದರೂ ನಂಬಿ.

ತೊಂಬತ್ತೆರಡರಲ್ಲಿ ನಾನು ಅಲ್ ಅಜೈಬಾದಲ್ಲಿ ಪಂಪು ಮಾರುವ ಒಂದು ಕಂಪನಿಯ ಸೆಕ್ರೆಟರಿ. ನನ್ನ ಮೇಜಿನ ಎಡದ ಕೋಣೆಯಲ್ಲಿ ಅಮೆರಿಕದ ದಕ್ಷಿಣ ಸೀಮೆಯ ಅಲಬಾಮಾದ ರಾಯ್, ಬಲದ ಕೋಣೆಯಲ್ಲಿ ಉತ್ತರದ ಬಾಸ್ಟನ್ನಿನ ಗ್ಲೆನ್, ಇಬ್ಬರೂ ಇಂಜಿನಿಯರುಗಳು. ಎದುರಿಗೆ ‘ಸರ್’ ಎನ್ನುತ್ತಿದ್ದೆ. ಸಿಟ್ಟಿನ್ನೂ ಆರಿಲ್ಲವಾದ್ದರಿಂದ ಇಲ್ಲಿ ಏಕವಚನವೇ ಸಾಕು. ಅವರು ನಮ್ಮನ್ನೆಲ್ಲ ಇಂಡಿಯನ್ನರೆಂದು ಒಂದೇ ಚೀಲಕ್ಕೆ ತುಂಬಿದ ಹಾಗೆ, ಅಮೆರಿಕದವರೆಂದರೆ ಎಲ್ಲ ಒಂದೇ ಅಚ್ಚೆಂದು ನಾನೂ ತಿಳಿದಿದ್ದೆ. ರಾಯ್ ತಣ್ಣನೆಯ ಚಹಕ್ಕೆ ಪಾಯಸದಷ್ಟು ಸಕ್ಕರೆ ಹಾಕುತ್ತಿದ್ದ, ಒಂದು ವಾಕ್ಯ ಮುಗಿಸಲು ಊಟ ಮುಗಿಸುವಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದ. ಗ್ಲೆನ್ ಅರ್ಧ ಅಕ್ಷರಗಳನ್ನು ನುಂಗಿ ಓಡುತ್ತಿದ್ದ. ಒಬ್ಬರ ಮಾತನ್ನು ಇನ್ನೊಬ್ಬರು ಅಣಕಿಸಿ ನಗುತ್ತಿದ್ದರು. ಶುಕ್ರವಾರ ಬಂತೆಂದರೆ ಈ ನೀಲಿ ಪೆಟ್ಟಿಗೆಗೆ ಐಸು ತುಂಬಿ, ಆಚೆಗೊಬ್ಬ ಈಚೆಗೊಬ್ಬ ಹಿಡಿದುಕೊಂಡು ಸಮುದ್ರದ ದಂಡೆಗೆ ನಡೆಯುತ್ತಿದ್ದರು.

ಅಷ್ಟರಲ್ಲಿ ಅವರ ದೇಶದಲ್ಲಿ ಚುನಾವಣೆ ಬಂತು, ಇಬ್ಬರದೂ ಬೇರೆ ಬೇರೆ ಪಕ್ಷ. ಸಾವಿರಾರು ಮೈಲಿ ಆಚೆಯ ಭಾಷಣಗಳು ಟೇಪಿನಲ್ಲಿ, ಹಳಸಿದ ಪತ್ರಿಕೆಗಳಲ್ಲಿ ಬಂದು ನಮ್ಮ ಆಫೀಸಿನಲ್ಲಿ ಮೊಟ್ಟೆಯಿಟ್ಟವು. ರಾಯ್‌ನ ಕಾಫಿ ಲೋಟದ ಮೇಲೆ ಅವನ ಸೀಮೆಯವರ ಹಳೆಯ ಅಂತರ್ಯುದ್ಧದ ಬಾವುಟವಿತ್ತು. ಮೂರು ವರ್ಷ ಅದನ್ನು ನೋಡಿಯೂ ನೋಡದಂತಿದ್ದ ಗ್ಲೆನ್ ಒಂದು ದಿನ, ಮನುಷ್ಯರನ್ನು ಕೊಂಡು ಮಾರಿದವರ ಬಾವುಟವದು, ನನ್ನ ಕಣ್ಣಮುಂದೆ ಬೇಡ ಎಂದ. ಆ ಮಾತು ನಿಜವೇ. ನನ್ನನ್ನು ಕೇಳಿದ್ದರೆ ಲೋಟವನ್ನು ನಾನೇ ಕಸದ ಡಬ್ಬಿಗೆ ಹಾಕುತ್ತಿದ್ದೆ. ಆದರೆ ಗ್ಲೆನ್ ಅಲ್ಲಿಗೆ ನಿಲ್ಲಿಸಲಿಲ್ಲ. ನಿನ್ನ ಊರಿನವರೇ ಹಾಗೆ, ನಿನ್ನ ತಾಯಿಯ ಮಾತು ಕೇಳಿದರೇ ತಿಳಿಯುತ್ತದೆ ಎಂದು, ತಾನು ಟೆಲಿಫೋನಿನಲ್ಲಿ ಕೇಳಿಸಿಕೊಂಡಿದ್ದ ಆ ಮುದುಕಿಯ ರಾಗವನ್ನೂ ಎಳೆದು ತಂದ. ರಾಯ್ ಕಡಿಮೆಯವನೇನಲ್ಲ. ಕೈಗೆ ಮಣ್ಣು ಹತ್ತದ ನಿಮ್ಮಂಥವರಿಗೆ ದೇಶವೂ ಇಲ್ಲ, ದೇವರೂ ಇಲ್ಲ ಎಂದುಬಿಟ್ಟ.

ಅಂದಿನಿಂದ ಅವರು ಮಾತಾಡಲಿಲ್ಲ. ಹತ್ತು ಹೆಜ್ಜೆ ದೂರದ ಕೋಣೆಗಳಿಂದ ಒಬ್ಬರಿಗೊಬ್ಬರು ಮೆಮೊ ಕಳಿಸತೊಡಗಿದರು, ಟೈಪ್ ಮಾಡಲು ನಾನು. ‘ದಯವಿಟ್ಟು ಕಿಟಕಿ ಮುಚ್ಚತಕ್ಕದ್ದು’ ಎಂಬ ಮೆಮೊವನ್ನೂ ಮೂರು ಪ್ರತಿ ಮಾಡಿದ್ದೇನೆ ಸ್ವಾಮಿ! ಹುಟ್ಟಿದ ಊರನ್ನು ಪ್ರೀತಿಸಬೇಕಾದರೆ ಇನ್ನೊಂದು ಊರಿನ ಮೇಲಿನ ತಾತ್ಸಾರವೇ ಒಗ್ಗರಣೆಯಾಗಬೇಕೆ? ಮತಪೆಟ್ಟಿಗೆಗೆ ಒಂದು ಚೀಟಿ ಹಾಕಿದ ಮಾತ್ರಕ್ಕೆ ಮೂರು ವರ್ಷ ಒಟ್ಟಿಗೆ ಉಂಡವನು ಅಪರಿಚಿತನಾಗುತ್ತಾನೆಯೆ?

ಜನವರಿಯಲ್ಲಿ ರಾಯ್‌ನ ತಾಯಿ ತೀರಿಕೊಂಡರೆಂದು ಫ್ಯಾಕ್ಸ್ ಬಂತು. ಅವನು ಬಾಗಿಲು ಹಾಕಿಕೊಂಡು ಕುಳಿತ. ಗ್ಲೆನ್ ನನ್ನನ್ನು ಕರೆದು ನಾಲ್ಕು ಸಾಲು ಹೇಳಿ ಬರೆಸಿದ: ‘ತಮ್ಮ ನಷ್ಟಕ್ಕೆ ವಿಷಾದಿಸುತ್ತೇನೆ.’ ಅದೂ ಮೆಮೊ!

“ಇದನ್ನು ನಾನು ಟೈಪ್ ಮಾಡುವುದಿಲ್ಲ ಸರ್. ಅವರ ಕೋಣೆ ಅಲ್ಲಿಯೇ ಇದೆ, ಎದ್ದು ಹೋಗಿ” ಎಂದೆ.

“ನಾನು ಬರುವುದು ಅವನಿಗೆ ಬೇಕಿಲ್ಲ.”

“ತಾಯಿ ಸತ್ತವನಿಗೆ ಏನು ಬೇಕು, ಏನು ಬೇಡವೆಂದು ಕೇಳಿಕೊಂಡು ಯಾರಾದರೂ ಹೋಗುತ್ತಾರೆಯೆ?”

ಅವನು ಹೋಗಲಿಲ್ಲ. ತಾನೇ ಎರಡು ಬೆರಳಿನಲ್ಲಿ ಟೈಪ್ ಮಾಡಿದ. ಟಕ್, ಟಕ್ ಎಂಬ ಆ ಸದ್ದಿಗೆ ನನ್ನ ಮೈಯೆಲ್ಲ ಉರಿಯಿತು. ಕೆಲಸ ಬಿಟ್ಟು ಊರಿಗೆ ಹೊರಟ ರಾಯ್ ಎಲ್ಲವನ್ನೂ ಕಟ್ಟಿದ, ಪೆಟ್ಟಿಗೆಯೊಂದನ್ನು ಬಿಟ್ಟು. ಗ್ಲೆನ್ ಅದು ತನಗೆ ಬೇಡವೆಂದ. ಹಾಗೆ ಅದು ನಮ್ಮ ಕಾರು ಹತ್ತಿತು.

ಮನೆಗೆ ಬಂದು ಗಂಡನೆದುರು ಇಬ್ಬರನ್ನೂ ಝಾಡಿಸಿದೆ. ಎಲ್ಲ ಕೇಳಿದ ಮೇಲೆ ಅವರು ತಣ್ಣಗೆ ಅಂದರು: “ಅವನದ್ದು ಹತ್ತು ಹೆಜ್ಜೆ. ಲಿಲ್ಲಿಬಾಯಿಯ ಮನೆಗೆ ನಮ್ಮಿಂದ ಎಷ್ಟು ಮೆಟ್ಲು ಉಂಟು ಮಾರಾಯ್ತಿ?”

ಬಂದ ಕೋಪವನ್ನು ಏನೆಂದು ಹೇಳಲಿ! ಲಿಲ್ಲಿಬಾಯಿ ನಮ್ಮ ಮೇಲಿನ ಮಹಡಿಯವಳು, ಉಡುಪಿ ಕಡೆಯ ಕೊಂಕಣಿ ಕ್ರಿಶ್ಚಿಯನ್ ಹೆಂಗಸು. ನನ್ನ ಹೆರಿಗೆಯಲ್ಲಿ ನಲವತ್ತು ದಿನ ಗಂಜಿ ಬೇಯಿಸಿ ಇಳಿಸಿದವಳು. ನವೆಂಬರಿನಲ್ಲಿ, ಇಲ್ಲಿನ ನಮ್ಮ ಕನ್ನಡ ಕೂಟದ ರಾಜ್ಯೋತ್ಸವದ ಸಭೆಯಲ್ಲಿ, ತುಳು ನಾಟಕಕ್ಕೆ ಒಂದು ಗಂಟೆ, ಕೊಂಕಣಿ ಹಾಡಿಗೆ ಮಾತ್ರ ಹತ್ತು ನಿಮಿಷವೆ ಎಂದು ಅವಳು ಕೇಳಿದ್ದಳು. ನ್ಯಾಯವಾದ ಪ್ರಶ್ನೆ. ತುಳು ಮನೆಮಾತಿನ ನಾನು ಎದ್ದು ನಿಂತು, ನೂರು ಜನರೆದುರು, “ನಿಮಗೆ ಸಾಲದಿದ್ದರೆ ನಿಮ್ಮವರದ್ದೇ ಬೇರೆ ಕೂಟ ಮಾಡಿಕೊಳ್ಳಿ” ಎಂದಿದ್ದೆ. ‘ನಿಮ್ಮವರು’! ಆ ಶಬ್ದ ನನ್ನ ಬಾಯಿಗೆ ಎಲ್ಲಿಂದ ಬಂತೋ. ಆದರೂ ಕ್ರಿಸ್ಮಸ್ಸಿಗೆ ಅವಳು ನೆವ್ರಿ, ಕಿಡಿಯೊ ಎಂಬ ಹಬ್ಬದ ಸಿಹಿತಿಂಡಿ ತುಂಬಿದ ತಟ್ಟೆ ಕಳಿಸಿದಳು. ನಾನು ತಟ್ಟೆ ತೊಳೆದು ಮಗಳ ಕೈಯಲ್ಲಿ ವಾಪಸು ಕಳಿಸಿದೆ, ಖಾಲಿಯಾಗಿ. ನಮ್ಮ ಕಡೆ ಒಂದು ಹಿಡಿ ಸಕ್ಕರೆಯಾದರೂ ಹಾಕದೆ ಯಾರೂ ತಟ್ಟೆ ಹಿಂತಿರುಗಿಸುವುದಿಲ್ಲ. ಗ್ಲೆನ್‌ನ ಮೆಮೊದಲ್ಲಿ ನಾಲ್ಕು ಸಾಲಾದರೂ ಇದ್ದವು.

ಶುಕ್ರವಾರ ಸೀಬ್‌ನ ಮೀನು ಮಾರುಕಟ್ಟೆಗೆ ಹೋಗಿ ಪೆಟ್ಟಿಗೆಯ ತುಂಬ ಬಂಗುಡೆ, ಐಸು ಹಾಕಿಸಿದೆ. ಗಂಡನೂ ನಾನೂ ಸೇರಿ ನಮ್ಮ ಬಾಗಿಲಿನವರೆಗೆ ತಂದೆವು. ಅಲ್ಲಿಂದ ಮೇಲಕ್ಕೂ ಅವರು ಒಂದು ಹಿಡಿಕೆ ಹಿಡಿಯಲು ಬಂದರು, ಬೇಡವೆಂದೆ. ಒಂದೊಂದೇ ಮೆಟ್ಟಿಲಿಗೆ ಧಡ್ ಎನಿಸುತ್ತ ಎಳೆದೆ. ಅರ್ಧ ದಾರಿಯಲ್ಲಿ ಉಸಿರು ಕಟ್ಟಿ ನಿಂತೆ. ಸದ್ದಿಗೆ ಮೇಲಿನ ಬಾಗಿಲು ತೆರೆಯಿತು.

“ಎಂತ ಅದು?” ಲಿಲ್ಲಿಬಾಯಿಯ ಮುಖ ಗಂಟಿಕ್ಕಿತ್ತು.

“ಬಂಗುಡೆ.”

“ಅಷ್ಟು ಯಾರು ಕೊಯ್ಯುವುದು?”

“ನಾನೇ ಕೊಯ್ತೇನೆ, ನಿಮ್ಮ ಅಡುಗೆಮನೆಯಲ್ಲಿ ಜಾಗ ಕೊಟ್ರೆ. ಅವತ್ತು ನಾನು ಹೇಳಿದ್ದು ತಪ್ಪು ಲಿಲ್ಲಿಬಾಯಿ.”

“ತಪ್ಪೇ. ನಾನು ಮರೆಯುವುದಿಲ್ಲ.”

“ಮರೀಬೇಡಿ.”

ಅವಳು ನಗಲಿಲ್ಲ. ಸೀರೆ ಎತ್ತಿ ಸಿಕ್ಕಿಸಿಕೊಂಡು ಇಳಿದು ಬಂದಳು, ಬಗ್ಗಿ ಇನ್ನೊಂದು ಹಿಡಿಕೆ ಹಿಡಿದಳು.

“ನೀರು ಸೋರ್ತಾ ಉಂಟು,” ಎಂದಳು, “ಬೇಗ ಎತ್ತಿ.”